ಹೆಸರು ಕೇಳದೇ ಕಳಿಸಿಬಿಟ್ಟ ಅಣ್ಣನಿಗೆ

ಆ ದಿನ ಬಚ್ಚಲ ಜಾಲರಿಯಿಂದ ಚರಂಡಿ ನೀರು ಉಕ್ಕಿ ನಡುಮನೆವರೆಗೂ ಬಂದಿತ್ತು. ನಾನು ಬರಿಗಾಲಲ್ಲಿ ಪೊರಕೆ ಹಿಡಿದು ಇಳಿಯುವುದರಲ್ಲಿದ್ದೆ. ಮನೆ ಕ್ಲೀನ್ ಮಾಡಲು ಬಂದ ನೀವು ಬಾಗಿಲಲ್ಲೇ ತಡೆದಿರಿ. "ಅಮ್ಮಾ, ಹೊರಗೆ ಬನ್ನಿ. ಮೊದಲು ಕರೆಂಟ್ ಆಫ್ ಆಗಲಿ." ನೆಲದ ಹತ್ತಿರದ ಪ್ಲಗ್ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಗಬ್ಬು ವಾಸನೆ ತಾಳಲಾರದೆ ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಬೆರೆಸಲು ಹೊರಟಿದ್ದೆ. ಅದನ್ನೂ ಕೈಯಿಂದ ಕಿತ್ತುಕೊಂಡಿರಿ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದಂತೆ. ಮೊದಲು ಸೋಪು ನೀರಲ್ಲಿ ಉಜ್ಜಿ ಕೊಳೆ ತೆಗೆಯಬೇಕು, ಔಷಧಿ ಆಮೇಲೆ, ಕೊಳೆಯ ಮೇಲೆ ಸುರಿದರೆ ಸುಮ್ನೆ ದಂಡ ಅಂತ ಬಿಡಿಸಿ ಹೇಳಿದಿರಿ.

ನೀರು ಕುಡಿದ ಹಾಸಿಗೆಯನ್ನು ಉಳಿಸಿಕೊಡಿ ಅಂತ ಅಂಗಲಾಚಿದೆ. ಒಳಗಿನ ಹತ್ತಿ ತೊಳೆದರೂ ಶುದ್ಧ ಆಗಲ್ಲ ಅಂದಿರಿ. ಬೇಜಾರಾಯಿತು. ಆದರೆ ಅಮ್ಮನ ಸ್ಟೀಲ್ ಡಬ್ಬಿಯನ್ನು ಮಾತ್ರ ನೀವೇ ಕೂತು ತೊಳೆದಿರಿ. ಮುಚ್ಚಳದ ಅಂಚಿನ ಸಂದಿಗೂ ಹಳೇ ಬ್ರಷ್ ಹಾಕಿ ಉಜ್ಜುತ್ತಿದ್ದಿರಿ. ಗ್ಲೌಸ್ ಒಳಗೆ ನಿಮ್ಮ ಬೆರಳು ಬೆವರಿ ಬೆಳ್ಳಗಾಗಿದ್ದವು.

24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ ಅಂತ ಫ್ಯಾನ್ ಇಟ್ಟು ಹೋದವರು, ಮರುದಿನ ಯಾರೂ ಕರೆಯದೇ ಬಂದು ಗೋಡೆ ಮುಟ್ಟಿ ನೋಡಿದಿರಿ. ಅಷ್ಟು ಯಾರು ಮಾಡ್ತಾರೆ, ಹೇಳಿ?

ಅಣ್ಣಾ, ನಿಮ್ಮ ಹೆಸರು ಕೇಳಲಿಲ್ಲ. ಅದೇ ನೋವು. ಇದು ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬನ್ನಿ. ಗೋಡೆ ಒಣಗಿದೆ, ಡಬ್ಬಿ ಅದರ ಜಾಗದಲ್ಲೇ ಇದೆ.