ಬಿಚ್ಚಿ ನೋಡಲು ಬಿಡಿ

ಮಾನ್ಯ ಸಂಪಾದಕರೆ,

ಮಲೆನಾಡಿನ ಕಂಪ್ಯೂಟರ್ ಒಳಗೆ ಏನೇನು ಸಿಗುತ್ತದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಸಾಗರದಲ್ಲಿ ಹದಿಮೂರು ವರ್ಷದಿಂದ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಗೊತ್ತು. ಸತ್ತ ಹಲ್ಲಿ. ಇರುವೆ ಗೂಡು. ಫ್ಯಾನಿನ ಪಕ್ಕ ಕಣಜ ಕಟ್ಟಿದ ಮಣ್ಣಿನ ಮನೆ. ಮಳೆಗಾಲ ಮುಗಿದ ಮೇಲೆ ರ‍್ಯಾಮ್ ಎಂಬ ನೆನಪಿನ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ವಾಪಸ್ ಹಾಕಿದರೆ ಸಾಕು, ಅರ್ಧ ಗಿರಾಕಿಗಳ ಕಂಪ್ಯೂಟರ್ ಸರಿಹೋಗುತ್ತದೆ. ಇದನ್ನು ಪತ್ರಿಕೆಯಲ್ಲಿ ಬರೆದರೆ ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ಇರಲಿ. ಶಾಲೆಯ ಮಕ್ಕಳಿಗೂ ಹೀಗೆ ಹಳೆಯ ಕಂಪ್ಯೂಟರನ್ನು ಬಿಚ್ಚಿ ನೋಡಲು ಬಿಡಿ ಅಂತ ಕೇಳಲು ಈ ಪತ್ರ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಿಂದ ಫೋನ್ ಬಂತು. ‘ಹತ್ತು ಕಂಪ್ಯೂಟರ್ ಕಂಡಮ್ ಆಗಿವೆ, ಎಷ್ಟಕ್ಕೆ ತಗೊಳ್ತೀರಿ?’ ಅಂತ ಹೆಡ್‌ಮಾಸ್ಟರು ಕೇಳಿದರು. ಏನಾಗಿದೆ ಸಾರ್ ಅಂದೆ. ‘ಏನೂ ಆಗಿಲ್ಲ. ವಿಂಡೋಸ್ 10 ಮುಗೀತಂತಲ್ಲ?’ ಅಂದರು.

ಮುಗಿದದ್ದು ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೊಸಾಫ್ಟ್ ಕಂಪನಿ ಅದಕ್ಕೆ ಕೊಡುತ್ತಿದ್ದ ಬೆಂಬಲ ನಿಂತಿತು. ಮನೆ ಬಳಕೆಯವರಿಗೆ ಇನ್ನೊಂದು ವರ್ಷ ಭದ್ರತೆಯ ಅಪ್ಡೇಟ್ ಪಡೆಯುವ ದಾರಿ ಇಟ್ಟಿದ್ದಾರೆ, ಅಷ್ಟೆ. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು. ಶಾಲೆಯಲ್ಲಿದ್ದದ್ದು ನಾಲ್ಕನೇ ತಲೆಮಾರಿನ ಐ3. ಕಂಪನಿಯ ಲೆಕ್ಕದಲ್ಲಿ ಅವು ಮುದುಕರು. ನನ್ನ ಲೆಕ್ಕದಲ್ಲಿ ಅವು ಹೊಸ ಮದುಮಕ್ಕಳು. ಏಕೆಂದರೆ ಅವುಗಳನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಕೋಣೆಗೆ ಬೀಗ. ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಂಪ್ಯೂಟರುಗಳ ಮೇಲೆ ಹೂವಿನ ಬಟ್ಟೆ ಹೊದಿಸಿತ್ತು. ಒಂದು ಊದುಬತ್ತಿ ಕಡಿಮೆ ಇತ್ತು ನೋಡಿ. ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅನುಮತಿ ಇಲ್ಲದೆ ಮುಟ್ಟಬೇಡಿ’ ಅಂತ ಬರೆದಿತ್ತು. ಅನುಮತಿ ಕೊಡುವವರು ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಹೆಡ್‌ಮಾಸ್ಟರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಒಂದು ಮೌಸ್ ಕಳೆದರೂ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕಾದವರು ಅವರು. ಆ ಜಾಗದಲ್ಲಿ ನಾನಿದ್ದರೂ ಬೀಗ ಹಾಕುತ್ತಿದ್ದೆನೇನೋ. ಮಕ್ಕಳು ಕಂಪ್ಯೂಟರ್ ಬಳಸಿ ಹಾಳು ಮಾಡಿದರೆ ಪ್ರಶ್ನೆ ಬರುತ್ತದೆ. ಬಳಸದೆ ಹಾಳಾದರೆ ಯಾರೂ ಕೇಳುವುದಿಲ್ಲ, ಅಲ್ವಾ?

ನಾನು ಪಿಯುಸಿ ಓದಿದ್ದು 2009ರಲ್ಲಿ. ಆಗ ಸಿ++ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಟರ್ಬೊ ಸಿ++ ಎಂಬ ನೀಲಿ ಪರದೆ. 1990ರ ದಶಕದ ಶುರುವಿನ ತಂತ್ರಾಂಶ ಅದು. 1998ರಲ್ಲಿ ಆ ಭಾಷೆಗೆ ಅಧಿಕೃತ ಮಾನದಂಡ ಬಂದಿತ್ತು. ನಾವು ಕಲಿತದ್ದು ಮಾತ್ರ ಅದಕ್ಕೂ ಹಿಂದಿನ ವ್ಯಾಕರಣ. ರೆಕಾರ್ಡ್ ಬುಕ್ಕಿನ ಬಲಗಡೆ ಪುಟದಲ್ಲಿ ಪೆನ್ನಿನಿಂದ ಪ್ರೋಗ್ರಾಂ, ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲ್‌ನಿಂದ ಔಟ್‌ಪುಟ್. ಆ ಔಟ್‌ಪುಟ್ ಕಂಪ್ಯೂಟರಿನಿಂದ ಬಂದದ್ದಲ್ಲ, ಪಕ್ಕದವನ ಪುಸ್ತಕದಿಂದ ಬಂದದ್ದು. ಅವನಿಗೆ ಅವನ ಅಣ್ಣನ ಪುಸ್ತಕದಿಂದ ಬಂದಿತ್ತು. ನಾವು ಕಂಪ್ಯೂಟರನ್ನು ಕಲಿಯಲಿಲ್ಲ, ಅದರ ಭಾವಚಿತ್ರ ಬಿಡಿಸಿದೆವು.

ನನ್ನ ಅಕ್ಕನನ್ನು ಬದಿಯಡ್ಕದ ಕಡೆ ಕೊಟ್ಟಿದೆ. ಕೇರಳದ ಕಾಸರಗೋಡು ಜಿಲ್ಲೆ. ಅವಳ ಮಗ ಅಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಒಂಬತ್ತನೇ ಕ್ಲಾಸು. ಕ್ರಿಸ್‌ಮಸ್ ರಜೆಗೆ ಬಂದಿದ್ದವನನ್ನು ಶಾಲೆಗೆ ಜೊತೆಗೆ ಕರೆದುಕೊಂಡು ಹೋದೆ. ಬಟ್ಟೆ ಸರಿಸಿ, ಹಿಂದಿನ ಎರಡು ಸ್ಕ್ರೂ ಬಿಚ್ಚಿ, ‘ಮಾವ, ಇದಕ್ಕೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ಸಾಕಲ್ದಾ?’ ಅಂದ. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಕೆಲಸವನ್ನೇ ಬೇಗ ಮಾಡುವ ಡಬ್ಬಿ. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು.

ಅವನೇನು ಮಹಾ ಜಾಣನಲ್ಲ, ಗಣಿತದಲ್ಲಿ ನನ್ನ ಹಾಗೇ. ಆದರೆ ಕೇರಳದ ಶಾಲೆಗಳು ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಿಡಿದವು. ಲೈಸೆನ್ಸಿಗೆ ದುಡ್ಡಿಲ್ಲ, ಬೇಕಾದಷ್ಟು ಕಂಪ್ಯೂಟರಿಗೆ ಹಾಕಿಕೊಳ್ಳಬಹುದು. ಐಟಿಗೆ ಕನ್ನಡದಲ್ಲೇ ಪಠ್ಯಪುಸ್ತಕ ಇದೆ. ಅಲ್ಲಿನ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕೂತೇ ಮಾಡಬೇಕು. 2018ರಿಂದ ‘ಲಿಟ್ಲ್ ಕೈಟ್ಸ್’ ಅಂತ ಐಟಿ ಕಲಿಯುವ ಮಕ್ಕಳ ಕೂಟ ಬೇರೆ. ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಅಕ್ಕನ ದೂರುಗಳ ಪಟ್ಟಿ ಬೇರೆಯೇ ಇದೆ. ಆದರೆ ಕಂಪ್ಯೂಟರ್ ಕಂಡರೆ ಆ ಹುಡುಗನಿಗೆ ಹೆದರಿಕೆ ಇಲ್ಲ. ನಮ್ಮ ಜಿಲ್ಲೆಯ ಹುಡುಗನಿಗೂ ಅವನಿಗೂ ಇರುವ ವ್ಯತ್ಯಾಸ ಇಷ್ಟೇ.

ಹತ್ತರಲ್ಲಿ ಏಳು ಎದ್ದವು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರು ಎಸ್‌ಎಸ್‌ಡಿಗೆ ದುಡ್ಡು ಹೊಂದಿಸಿದರು. ನಾನು ಅಂಗಡಿಯಲ್ಲಿದ್ದ ಹಳೆ ರ‍್ಯಾಮ್ ಹಾಕಿದೆ. ಲಿನಕ್ಸ್ ಮಿಂಟ್ ಹಾಕಿ ‘ಕಗಪ’ ಕೀಲಿಮಣೆ ಆನ್ ಮಾಡಿದೆವು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದು, ಲಿನಕ್ಸಿನಲ್ಲಿ ಮೊದಲೇ ಬಂದಿರುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’. ಎಫ್ ಒತ್ತಿದಾಗ ಅಕ್ಷರ ಮುರಿದು ಒತ್ತಕ್ಷರವಾಗುವುದನ್ನು ನೋಡಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಹೆಸರಿಗೆ ಸುಮ್ನೆ ಆರು ಒತ್ತು ಸೇರಿಸಿ ನಕ್ಕಳು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ್ದ ಶಾಲೆಯ ಹಳೆಯ ಫೈಲುಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದ ಹಾಗೆ ತೆರೆದುಕೊಂಡವು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಎಂಬ ಅಕ್ಷರ ಸಂಕೇತ ಬರುವ ಮೊದಲಿನ ಫಾಂಟುಗಳ ಪಾಪ ಅದು. ಒಂದೊಂದನ್ನೂ ಪರಿವರ್ತಕದಲ್ಲಿ ಹಾಕಿ ತೆಗೆದೆವು. ಎರಡು ಸಂಜೆ ಹೋಯಿತು.

ಉಳಿದ ಮೂರು ನಿಜವಾಗಿಯೂ ಸತ್ತಿದ್ದವು. ಆ ಮೂರರ ವಿಷಯಕ್ಕೇ ನಾನು ಈ ಪತ್ರ ಬರೆಯುತ್ತಿರುವುದು. ಅದಕ್ಕೂ ಮೊದಲು ಕಾರಿನ ಕತೆ ಹೇಳಿಬಿಡುತ್ತೇನೆ. ಪತ್ರ ಉದ್ದವಾಯಿತು ಅಂತ ಗೊತ್ತು, ಕತ್ತರಿ ನಿಮ್ಮ ಕೈಯಲ್ಲೇ ಇದೆಯಲ್ಲ.

ನನ್ನದು 2015ರ ಮೂರು ಸಿಲಿಂಡರಿನ ಸಣ್ಣ ಕಾರು. ಅದೇ ವಾರ ಅದರ ಎಂಜಿನ್ ದೀಪ ಹೊತ್ತಿಕೊಂಡಿತು. ಗಾಡಿ ಎಳೆಯುವುದಿಲ್ಲ, ನಿಂತಲ್ಲೇ ನಡುಗುತ್ತದೆ. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, ಹನ್ನೊಂದು ಸಾವಿರದ ಅಂದಾಜು ಪಟ್ಟಿ ಕೊಟ್ಟರು. ಯಾವ ಕೋಡ್ ಬಂತು ಅಂತ ಕೇಳಿದೆ. ‘ಅದೆಲ್ಲ ನಿಮಗೆ ಬೇಡ ಸಾರ್’ ಅಂದರು. ವಾಪಸ್ ಬಂದೆ.

ಸ್ಟಿಯರಿಂಗ್ ಕೆಳಗೆ ಮೊಣಕಾಲು ತಾಗುವ ಜಾಗದಲ್ಲಿ 16 ಪಿನ್ನಿನ ಒಂದು ಕನೆಕ್ಟರ್ ಇರುತ್ತದೆ. ಓಬಿಡಿ ಅಂತಾರೆ. 2013ರ ಏಪ್ರಿಲ್ ನಂತರದ ಹೆಚ್ಚಿನ ಕಾರುಗಳಲ್ಲಿ ಇದು ಇರುತ್ತದೆ. ಆನ್‌ಲೈನಿನಲ್ಲಿ ಆರುನೂರು ರೂಪಾಯಿಗೆ ತರಿಸಿದ ಬ್ಲೂಟೂತ್ ಡಬ್ಬಿ ಅದಕ್ಕೆ ಸಿಕ್ಕಿಸಿದರೆ ಫೋನಿನಲ್ಲಿ ಕೋಡ್ ಕಾಣುತ್ತದೆ. ಬಂದದ್ದು ಪಿ0302. ಪಿ ಅಂದರೆ ಎಂಜಿನ್ ಕಡೆಯದು, 3 ಅಂದರೆ ಕಿಡಿಗೆ ಸಂಬಂಧಪಟ್ಟದ್ದು, ಕೊನೆಯ 02 ಅಂದರೆ ಎರಡನೇ ಸಿಲಿಂಡರ್. ಎರಡನೆಯದರಲ್ಲಿ ಪೆಟ್ರೋಲ್ ಸರಿಯಾಗಿ ಹತ್ತುತ್ತಿಲ್ಲ. ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಹೋಗಿದೆಯೋ, ಕಿಡಿ ಹಾರಿಸುವ ಪ್ಲಗ್ಗೋ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರೋ?

ಅಳಿಯನಿಗೆ, ಅಂದರೆ ಅದೇ ಅಕ್ಕನ ಮಗನಿಗೆ, ಕೇಳಿದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ‘ಎರಡರ ಕಾಯಿಲ್ ಮೂರಕ್ಕೆ ಹಾಕಿ ನೋಡುವ’ ಅಂದ. ಹಳೆ ಮೆಕ್ಯಾನಿಕ್‌ಗಳು ಮಾಡುವುದೂ ಅದನ್ನೇ. ಬದಲಾಯಿಸಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿದೆವು. ಪಿ0303 ಬಂತು. ದೋಷ ಕಾಯಿಲ್ ಜೊತೆಗೇ ಪಕ್ಕದ ಮನೆಗೆ ಹೋಗಿತ್ತು! ಹೊಸ ಕಾಯಿಲಿಗೆ ಸಾವಿರದ ಎಂಟುನೂರು. ವಿಜ್ಞಾನದ ಪುಸ್ತಕದಲ್ಲಿ ‘ಊಹೆ, ಪ್ರಯೋಗ, ತೀರ್ಮಾನ’ ಅಂತ ಅಂಡರ್‌ಲೈನ್ ಮಾಡಿಸುತ್ತಾರಲ್ಲ, ಅದನ್ನು ಹುಡುಗ ಬಾನೆಟ್ ಎತ್ತಿಕೊಂಡು ಮಾಡಿದ. ಇದಕ್ಕೆ ಮಾರ್ಕ್ಸ್ ಕೊಡುವವರಿಲ್ಲ.

ಕೋಡ್ ಮುಚ್ಚಿಡುವ ಚಾಳಿ ಹೊಸದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣ ಇವೆಲ್ಲ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಎಂಬುದು ಆರೋಪ. ದಂಡದ ಮೊತ್ತ ಆಮೇಲೆ ಮೇಲ್ಮನವಿ, ಕೋರ್ಟು ಅಂತ ಅಲೆಯಿತು, ಅದು ಬೇರೆ ಮಾತು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲು, ಮನೆ ಬಳಕೆಯ ವಸ್ತು, ವಾಹನ ಅದರಲ್ಲಿ ಬರುತ್ತವೆ. ನನ್ನ ಅಂಗಡಿಗೆ ಬರುವವರಲ್ಲಿ ಅದರ ಹೆಸರು ಕೇಳಿದ ಒಬ್ಬರೂ ಇದುವರೆಗೆ ಸಿಕ್ಕಿಲ್ಲ.

ಬಿಚ್ಚುವವರೆಲ್ಲ ಒಳ್ಳೆಯವರು ಅಂತ ನಾನು ಹೇಳಲಾರೆ. ಹ್ಯಾಲೊಜೆನ್ ಬಲ್ಬಿನ ಹೆಡ್‌ಲೈಟಿಗೆ ಅಗ್ಗದ ಎಲ್‌ಇಡಿ ತುರುಕುವವರನ್ನು ರಾತ್ರಿ ಆಗುಂಬೆ ಘಾಟಿಯಲ್ಲಿ ಎದುರಾಗಿ ನೋಡಿ. ಬಲ್ಬಿನ ತಂತಿ ಎಲ್ಲಿ ಇರುತ್ತದೋ ಅದೇ ಬಿಂದುವಿಗೆ ಲೆಕ್ಕ ಹಾಕಿ ಹೆಡ್‌ಲೈಟಿನ ಒಳಗಿನ ಹೊಳೆಯುವ ಬಟ್ಟಲು ಮಾಡಿರುತ್ತಾರೆ. ಬೆಳಕಿನ ಜಾಗ ಕೂದಲಿನಷ್ಟು ಜರುಗಿದರೂ ಅದು ರಸ್ತೆ ಬಿಟ್ಟು ನಮ್ಮ ಕಣ್ಣಿಗೆ ಬರುತ್ತದೆ. ಸೈಲೆನ್ಸರ್ ಕೊರೆಸುವವರದ್ದೂ ಇದೇ ಜಾತಿ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಇವರಿಗೆ ಸ್ಕ್ರೂಡ್ರೈವರ್ ಗೊತ್ತು, ಒಳಗೆ ಏನಿದೆ, ಯಾಕಿದೆ ಅಂತ ಹೇಳಿಕೊಟ್ಟವರಿಲ್ಲ. ಶಾಲೆಯಲ್ಲಿ ಕಲಿಯದ್ದನ್ನು ರೀಲ್ಸ್ ನೋಡಿ ಕಲಿತರು.

ಕಾಯ್ದೆಯ ಪುಸ್ತಕವನ್ನೂ ನಾವು ಹೀಗೇ ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಅದೇ ಶಾಲೆಯಲ್ಲಿ ಹುಡುಗನೊಬ್ಬ ಕಂಪ್ಯೂಟರಿನ ವಾಲ್‌ಪೇಪರ್ ಬದಲಿಸಿದನಂತೆ. ‘ಇದು ಸೈಬರ್ ಕ್ರೈಮ್, ಪೊಲೀಸರು ಬರ್ತಾರೆ’ ಅಂತ ಮೇಷ್ಟ್ರು ಹೆದರಿಸಿದರಂತೆ. ನಾನು ವಕೀಲನಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಅರ್ಧ ನಿಮಿಷದಲ್ಲಿ ಓದಿ ಮುಗಿಸಬಹುದು. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಅಂತ ಅದರಲ್ಲಿ ಇದೆ. ಹುಡುಗ ಹಾಕಿದ್ದು ಜೋಗದ ಫೋಟೊ.

ಇನ್ನು ನನ್ನ ಅಳಿಯ. ಕಾಯಿಲ್ ಸರಿ ಮಾಡಿದ ಹುಮ್ಮಸ್ಸಿನಲ್ಲಿ ‘ಮಾವ, ನಾನೇ ಒಂದು ಸುತ್ತು ಓಡಿಸ್ತೇನೆ’ ಅಂದ. ನಾನು ಅವನ ವಯಸ್ಸಿನಲ್ಲೇ ಅಪ್ಪಯ್ಯನ ಓಮ್ನಿಯನ್ನು ಅಂಗಳದಲ್ಲಿ ಹಿಂದೆ ಮುಂದೆ ಮಾಡಿ ಕಲಿತವನು. ಸೀಟು ಎತ್ತಿದರೆ ಎಂಜಿನ್ ಕಾಣುವ ಗಾಡಿ ಅದು. ಇವನಿಗೆ ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಫೋನಿನಲ್ಲಿ ಕಾಯ್ದೆಯನ್ನೇ ತೆರೆದು ಕೈಗೆ ಕೊಟ್ಟೆ. 18 ತುಂಬದವರು ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಬಾರದು, ಇದು 4ನೇ ಸೆಕ್ಷನ್. ‘ಅಂದ್ರೆ ಅಂಗಳದಲ್ಲಿ ಅಡ್ಡಿ ಇಲ್ಲ’ ಅಂದ ಕೂಡಲೇ. ಮುಂದೆ ಓದು ಅಂದೆ. 199ಎ, 2019ರ ತಿದ್ದುಪಡಿಯಲ್ಲಿ ಬಂದದ್ದು. ಅಪ್ರಾಪ್ತರು ರಸ್ತೆಯಲ್ಲಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹುಡುಗ ಬೆರಳು ಮಡಿಚಿ ಎಣಿಸಿದ. ‘ನಂಗೆ ಈಗ ಹದಿನಾಲ್ಕು. ಇನ್ನು ಹನ್ನೊಂದು ವರ್ಷವಾ!’ ಅಕ್ಕನ ಬೈಗುಳಕ್ಕೆ ಆಗದ್ದು ಆ ಒಂದು ಸಾಲಿಗೆ ಆಯಿತು. ಅಂಗಳದಲ್ಲೂ ಓಡಿಸಲಾಗಲಿಲ್ಲ ಅನ್ನಿ, ಅಡಿಕೆ ಹರವಿತ್ತು. ಅಮ್ಮ ಬಿಟ್ಟಾಳೆಯೇ?

ಸತ್ತ ಆ ಮೂರು ಕಂಪ್ಯೂಟರಿಗೆ ಬರುತ್ತೇನೆ. ಅವನ್ನು ಗುಜರಿಗೆ ಹಾಕಬೇಡಿ, ಮಕ್ಕಳಿಗೆ ಬಿಚ್ಚಲು ಕೊಡಿ ಅಂತ ಹೆಡ್‌ಮಾಸ್ಟರಿಗೆ ಕೇಳಿದೆ. ರಿಜಿಸ್ಟರಿನಿಂದ ತೆಗೆದು ಹಾಕಿದ ಮೇಲೆ ಹೆದರಿಕೆ ಏನು? ಎರಡು ದಿನ ಯೋಚಿಸಿ ಒಪ್ಪಿದರು. ಪವರ್ ಸಪ್ಲೈ ಡಬ್ಬಿ ಮಾತ್ರ ನಾನೇ ಮೊದಲು ತೆಗೆದುಕೊಂಡೆ, ಅದರ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಆಟದ ಸಾಮಾನಲ್ಲ. ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಇದೇ ಕೆಲಸ. ಮೊದಲ ವಾರ ಆರು ಮಕ್ಕಳಿದ್ದರು, ಈಗ ಹತ್ತೊಂಬತ್ತು. ಮೊನ್ನೆ ಒಂದನ್ನು ಬಿಚ್ಚಿ ಪೂರ್ತಿ ಜೋಡಿಸಿದ ಮೇಲೆ ನೆಲದ ಮೇಲೆ ಒಂದು ಸ್ಕ್ರೂ ಉಳಿದಿತ್ತು. ಯಾರದು ಯಾರದು ಅಂತ ಜಗಳವಾಗಿ ಮತ್ತೆ ಇಡೀ ಕಂಪ್ಯೂಟರ್ ಬಿಚ್ಚಿದರು.

ಇಲಾಖೆಯವರು ಈ ಪತ್ರ ಓದಿದರೆ ಒಂದೇ ಕೋರಿಕೆ. ಪ್ರತಿ ಹೈಸ್ಕೂಲಿಗೆ ಒಂದು ಕಂಡಮ್ ಕಂಪ್ಯೂಟರನ್ನು ‘ಬಿಚ್ಚಲು’ ಅಂತಲೇ ಬರೆದು ಕೊಡಿ. ಆಗ ಹೆಡ್‌ಮಾಸ್ಟರುಗಳಿಗೂ ಧೈರ್ಯ ಬರುತ್ತದೆ. ಓದುಗರಿಗೂ ಒಂದು ಮಾತು: ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಬಿದ್ದಿದ್ದರೆ ಅದರ ರ‍್ಯಾಮ್ ತೆಗೆದು ಹತ್ತಿರದ ಶಾಲೆಗೆ ಕೊಟ್ಟುಬನ್ನಿ. ಡಿಡಿಆರ್3 ಎಂಬ ಜಾತಿಯದ್ದೇ ಆಗಬೇಕು. ಡಿಡಿಆರ್4 ಕೂರುವುದಿಲ್ಲ, ಅದರ ಕಚ್ಚು ಬೇರೆ ಜಾಗದಲ್ಲಿದೆ. ಯಾವುದು ಅಂತ ಗೊತ್ತಾಗದಿದ್ದರೆ ಎರಡನ್ನೂ ತನ್ನಿ, ಹುಡುಗರು ನೋಡಿ ಹೇಳುತ್ತಾರೆ.

ಇಂತಿ,
ನಿಮ್ಮ ಓದುಗ, ಕಂಪ್ಯೂಟರ್ ರಿಪೇರಿಯವ
ಸಾಗರ, ಶಿವಮೊಗ್ಗ ಜಿಲ್ಲೆ