ಕಿತ್ತ ನೆಲಗಲ್ಲು ಗಜನಿಗೆ ಹೋಗದಿರಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ಆರಂಭವಾದಂದಿನಿಂದ ಕಾರವಾರದಿಂದ ಭಟ್ಕಳದವರೆಗೆ ರಸ್ತೆಯಂಚಿನ ಎಷ್ಟೋ ಹಳೆಯ ಮನೆ, ಅಂಗಡಿಗಳು ನೆಲಸಮವಾಗಿವೆ. ಹೆದ್ದಾರಿಯಿಂದ ದೂರವಿರುವ ಕೇರಿಗಳಲ್ಲೂ ಹಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವುದು ಈಗ ಸಾಮಾನ್ಯವಾಗಿದೆ. ಹೀಗೆ ಕೆಡವುವಾಗ ಹಂಚು, ತೊಲೆ, ಬಾಗಿಲುಗಳನ್ನು ಯಾರೂ ಬಿಸಾಡುವುದಿಲ್ಲ. ಅವುಗಳಿಗೆ ಬೆಲೆಯಿದೆ, ಕೊಳ್ಳುವವರಿದ್ದಾರೆ. ನೆಲಕ್ಕೆ ಹಾಸಿದ ಕಲ್ಲಿಗೆ ಮಾತ್ರ ಆ ಭಾಗ್ಯವಿಲ್ಲ.

ಕುಮಟಾ ತಾಲ್ಲೂಕಿನ ನಮ್ಮ ಹಿರಿಯರ ಮನೆಯನ್ನು ಕೆಡವಿಸಿದಾಗ ಗೋಡೆ ಉರುಳಿಸಿದ ಜೆಸಿಬಿ ಯಂತ್ರವೇ ಜಗಲಿಯ ಕಡಪಾ ಕಲ್ಲುಗಳನ್ನೂ ಎಬ್ಬಿಸಿ ಪುಡಿ ಮಾಡಿತು. ತಡೆಯಬೇಕೆಂದು ನಮಗೆ ತೋಚುವಷ್ಟರಲ್ಲಿ ಟಿಪ್ಪರ್ ತುಂಬಿಯಾಗಿತ್ತು. ಆ ಮಣ್ಣು, ಕಲ್ಲು ಎಲ್ಲ ಹೋಗಿ ಬಿದ್ದದ್ದು ಒಂದು ಕಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಅಂಚಿಗೆ. ಅಡುಗೆಮನೆಯ ಶಹಾಬಾದ್ ಕಲ್ಲುಗಳನ್ನಾದರೂ ಉಳಿಸಿಕೊಳ್ಳೋಣವೆಂದು ಮರುದಿನ ಇಬ್ಬರು ಗೌಂಡಿಗಳನ್ನು ಕರೆಸಿ ಹಾರೆಯಿಂದ ಮೆಲ್ಲನೆ ಮೀಟಿಸಿದೆವು. ನಲವತ್ತು ಕಲ್ಲುಗಳು ಇಡಿಯಾಗಿ ಬಂದವು. ಸವೆದ ಮೈಯನ್ನು ಕೆಳಗೆ ಮಾಡಿ, ಅಂಚು ಕತ್ತರಿಸಿ ಹಾಸಿದ ಅವೇ ಕಲ್ಲುಗಳು ಇಂದು ಹೊಸ ಮನೆಯ ಜಗಲಿಯಲ್ಲಿವೆ. ಮಳೆಗಾಲದಲ್ಲಿ ಒದ್ದೆಗಾಲಲ್ಲಿ ನಡೆದರೂ ಜಾರುವುದಿಲ್ಲ. ಹೊಳಪಿನ ಟೈಲ್ಸ್ ಹಾಕಿಸಿದ ನಡುಮನೆಯಲ್ಲಿ ನನ್ನ ತಾಯಿ ಗೋಡೆ ಹಿಡಿದೇ ನಡೆಯುತ್ತಾರೆ.

ಆ ಕಲ್ಲುಗಳು ಇಡಿಯಾಗಿ ಬಂದದ್ದಕ್ಕೆ ಕಾರಣವಿದೆ. ಹಳೆಯವರು ಅವನ್ನು ಮರಳು ಮತ್ತು ಸುಣ್ಣದ ಗಾರೆಯ ಮೇಲೆ ಕೂರಿಸಿದ್ದರು. ಸುಣ್ಣದ ಗಾರೆ ಸಿಮೆಂಟಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಕಲ್ಲು ಸುಲಭವಾಗಿ ಬಿಡುತ್ತದೆ. ಸಿಮೆಂಟ್ ಹಾಲಿನಲ್ಲಿ ಅಂಟಿಸಿದ ಇಂದಿನ ವಿಟ್ರಿಫೈಡ್ ಟೈಲ್ಸ್ ಕಿತ್ತರೆ ಸಾಮಾನ್ಯವಾಗಿ ಚೂರೇ ಆಗುತ್ತದೆ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಗುಜರಾತಿನ ಮೊರ್ಬಿಯಂತಹ ಊರುಗಳಿಂದ ಲಾರಿಯಲ್ಲಿ ಇಲ್ಲಿಗೆ ತರುವ ವಸ್ತು ಅದು. ಚೂರಾದರೂ ಅದು ವ್ಯರ್ಥವಲ್ಲ. ಬಿಳಿ ಚೂರುಗಳನ್ನು ತಾರಸಿಯ ಮೇಲೆ ಒತ್ತೊತ್ತಾಗಿ ಹಾಸಿದರೆ ಬಿಸಿಲು ಹಿಂದಕ್ಕೆ ಹೊಮ್ಮಿ ಕೋಣೆಯ ಸೆಕೆ ಕಡಿಮೆಯಾಗುತ್ತದೆ. ಒಡೆದ ಹಂಚು, ಇಟ್ಟಿಗೆಗಳ ನುಣ್ಣನೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದರೆ ಸಿಗುವ ಸುರ್ಕಿ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯ ಮಳೆಗೆ ಇದಕ್ಕಿಂತ ಒಪ್ಪುವ ಗಾರೆ ನನಗೆ ತಿಳಿದಿಲ್ಲ. ಕಾವಿ ಬಣ್ಣದ ಗಾರೆ ನೆಲವನ್ನು ಮಾತ್ರ ಕಿತ್ತು ಬೇರೆಡೆ ಹಾಸಲು ಬರುವುದಿಲ್ಲ. ಅಂತಹ ನೆಲ ಗಟ್ಟಿಯಿದ್ದರೆ ಅದನ್ನು ಉಳಿಸಿಕೊಂಡೇ ಮನೆ ವಿಸ್ತರಿಸಬಹುದೇ ಎಂದು ಮನೆಯವರು ಒಮ್ಮೆ ಯೋಚಿಸಬೇಕು.

ಎಚ್ಚರಿಕೆಯೂ ಅಗತ್ಯ. ಹಳೆಯ ಕಾಂಕ್ರೀಟ್ ಪುಡಿ ಮಾಡಿದ ಜಲ್ಲಿಯನ್ನು ಬಳಸಲು ಭಾರತೀಯ ಮಾನಕ ಐಎಸ್ 383ರ 2016ರ ಪರಿಷ್ಕರಣೆ ಅವಕಾಶ ನೀಡಿದೆ. ಸಾದಾ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ25 ಅಥವಾ ಅದಕ್ಕಿಂತ ಕಡಿಮೆ ದರ್ಜೆಯ ಆರ್‌ಸಿಸಿಯಲ್ಲಿ ಶೇ 20ರವರೆಗೆ. ಆದರೆ ಕಡಲಂಚಿನ ಮನೆಗಳ ಅವಶೇಷದಲ್ಲಿ ಉಪ್ಪಿನಂಶವಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಪರೀಕ್ಷೆ ಮಾಡಿಸದೆ ಅದನ್ನು ಕಂಬ, ತೊಲೆಗಳಿಗೆ ಬಳಸಬಾರದು. ನೆಲದಡಿಯ ಪದರಕ್ಕೆ, ಅಂಗಳಕ್ಕೆ ಸಾಕು.

ಕರಾವಳಿ ನಿಯಂತ್ರಣ ವಲಯದಲ್ಲಿ ಕಟ್ಟಡದ ಅವಶೇಷ ಸುರಿದು ಜಾಗ ತುಂಬಿಸುವುದನ್ನು 2011ರ ಅಧಿಸೂಚನೆಯೇ ನಿಷೇಧಿಸಿತ್ತು. ಸರ್ಕಾರಿ ಹಾಗೂ ಪೌರ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಸಾಮಗ್ರಿ ಕಟ್ಟಡ ತ್ಯಾಜ್ಯದಿಂದ ತಯಾರಾದದ್ದಾಗಿರಬೇಕೆಂದು ಕೇಂದ್ರದ 2016ರ ನಿಯಮಗಳು ಹೇಳಿದವು. ಗಜನಿಯಲ್ಲಿ ಬಿದ್ದಿರುವ ರಾಶಿಗಳನ್ನು ಕಂಡಾಗ ಈ ಮಾತುಗಳು ನಮ್ಮ ಊರುಗಳನ್ನು ತಲುಪಿಯೇ ಇಲ್ಲವೆಂದು ವ್ಯಥೆಯಾಗುತ್ತದೆ.

ಆದ್ದರಿಂದ ಜಿಲ್ಲೆಯ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು ಮನೆ ಕೆಡವುವವರಿಗೆ ನೆಲಗಲ್ಲನ್ನು ಮೊದಲು ಕೈಯಿಂದ ಕಿತ್ತಿಡುವಂತೆ ಷರತ್ತು ವಿಧಿಸಬೇಕು ಮತ್ತು ಅದನ್ನು ಪೇರಿಸಿಡಲು, ಬೇಕಾದವರು ಕೊಳ್ಳಲು ತಾಲ್ಲೂಕಿಗೊಂದು ಜಾಗ ಗುರುತಿಸಬೇಕು. ಜೊತೆಗೆ ಲೋಕೋಪಯೋಗಿ ಇಲಾಖೆಯು ತನ್ನ ದರಪಟ್ಟಿಯಲ್ಲಿ ಹಳೆಯ ಕಲ್ಲನ್ನು ಕೀಳುವ, ಅಂಚು ಕತ್ತರಿಸುವ, ಮರುಹಾಸುವ ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ಕೋರುತ್ತೇನೆ. ಕೂಲಿ ಗಿಟ್ಟದ ಕೆಲಸಕ್ಕೆ ಯಾವ ಗೌಂಡಿಯೂ ಹಾರೆ ಹಿಡಿಯಲಾರ. ಮುಂದಿನ ಮಳೆಗಾಲಕ್ಕೆ ಮುನ್ನ ಕೆಡವಲು ಸಿದ್ಧವಾಗಿರುವ ಮನೆಗಳು ನಮ್ಮ ಕೇರಿಯೊಂದರಲ್ಲೇ ಮೂರಿವೆ.

– ಓದುಗ, ಕುಮಟಾ