ಆ ರಾತ್ರಿ ನಮ್ಮ ಮನೆಯಲ್ಲಿ ಎದ್ದು ಕುಳಿತವರಿಗೆ

ಬರುವ ಭಾನುವಾರ, 2025ರ ನವೆಂಬರ್ 30ರಂದು, ಕ್ರಿಸ್ಮಸ್‌ಗೆ ಸಿದ್ಧರಾಗುವ ಆಗಮನ ಕಾಲ ಆರಂಭವಾಗುತ್ತದೆ. ಅಲ್ಲಿಗೆ, ಮಕ್ಕಳ ತಂದೆಯಿಲ್ಲದೆ ನಾವು ಕಳೆದ ಮೊದಲ ಶರತ್ಕಾಲದ ಹಬ್ಬಗಳು ಮುಗಿದಂತಾಗುತ್ತದೆ. ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದದ್ದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ. ಅಕ್ಟೋಬರ್ ತಿಂಗಳ ಜಪಸರದಿಂದ (ಜಪಮಾಲೆ ಪ್ರಾರ್ಥನೆಯಿಂದ) ಹಿಡಿದು ಕ್ರಿಸ್ತರಾಜರ ಹಬ್ಬದವರೆಗೆ ಮನೆಯಲ್ಲಿ ಯಾವ ದಿನ ಏನು ಮಾಡಬೇಕೆಂಬ ಕ್ರಮವನ್ನೆಲ್ಲ ರೂಢಿಗೆ ತಂದವರು ನನ್ನ ಪತಿ. ಆ ಕ್ರಮ ಈ ವರ್ಷ ಕೈಬಿಟ್ಟುಹೋಗದಂತೆ ನೋಡಿಕೊಂಡವರಿಗೆ ಕೃತಜ್ಞತೆ ಹೇಳಲು ಈ ಬರಹ.

ಕೇಳಿದಾಗಲೆಲ್ಲ ಬಂದು ಪ್ರಾರ್ಥಿಸಿದ ಧರ್ಮಕೇಂದ್ರದ ಗುರುಗಳಿಗೆ, ಮಕ್ಕಳನ್ನು ಒತ್ತಾಯಿಸದೆ ಅವರಿಗಾಗಿ ಕಾದ ಧರ್ಮೋಪದೇಶದ ಶಿಕ್ಷಕಿಗೆ, ಗಾಯನವೃಂದದ ಗೆಳೆಯರಿಗೆ ಮತ್ತು ಪೂಜೆಗೆ ಹೊರಡುವಾಗ ನಮ್ಮ ಬಾಗಿಲಲ್ಲಿ ನಿಂತು ಜೊತೆಗೆ ಕರೆದೊಯ್ದ ನೆರೆಯವರಿಗೆ ನಾವು ಋಣಿಗಳು.

ಮಗಳಿಗೆ ಈಗ 17, ಮಗನಿಗೆ 15. ಚಿಕ್ಕವರಿದ್ದಾಗ ಸಂತರ ವೇಷ ತೊಡಿಸಿದರೆ ಸಂಭ್ರಮಿಸುತ್ತಿದ್ದ ಮಕ್ಕಳು ಈ ವಯಸ್ಸಿನಲ್ಲಿ ಪ್ರತಿಯೊಂದಕ್ಕೂ ಕಾರಣ ಕೇಳುತ್ತಾರೆ, ಕೇಳಲೂ ಬೇಕು. ಅಕ್ಟೋಬರ್ ಉದ್ದಕ್ಕೂ ಪೂರ್ತಿ ಜಪಸರ ನಮ್ಮಿಂದಾಗಲಿಲ್ಲ. ಮಗಳ ಸಲಹೆಯಂತೆ ದಿನಕ್ಕೆ ಒಂದೇ ರಹಸ್ಯವನ್ನು, ಅಂದರೆ ಯೇಸು ಮತ್ತು ಮರಿಯಳ ಜೀವನದ ಒಂದು ಘಟನೆಯನ್ನು, ಧ್ಯಾನಿಸಿ, ಸರದಿಯ ಮೇಲೆ ಒಬ್ಬೊಬ್ಬರು ಮುಂದಾಳತ್ವ ವಹಿಸಿದೆವು. ಅಕ್ಟೋಬರ್ 31, ಸಕಲ ಸಂತರ ಹಬ್ಬದ ಮುನ್ನಾದಿನ, ರಾತ್ರಿ ಊಟದ ನಂತರ ಪ್ರತಿಯೊಬ್ಬರೂ ಒಬ್ಬ ಸಂತರ ಬಗ್ಗೆ ಮಾತನಾಡುವುದು ನಮ್ಮ ಮನೆಯ ವಾಡಿಕೆ. ಅಂದು ಶುಕ್ರವಾರ. ಶುಕ್ರವಾರಗಳಂದು ಧ್ಯಾನಿಸುವ ದುಃಖದ ರಹಸ್ಯ ಮುಗಿಸಿ ಕುಳಿತಾಗ, ಈ ವರ್ಷ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ಅವರನ್ನು ಮಗಳು ಆರಿಸಿಕೊಂಡಳು. ಪರಮಪ್ರಸಾದದ (ಪೂಜೆಯಲ್ಲಿ ಯೇಸುವಿನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಅದ್ಭುತಗಳನ್ನು ಕಲೆಹಾಕಿ ಅಂತರ್ಜಾಲದಲ್ಲಿ ಪ್ರಕಟಿಸಿದ ಆ ಹುಡುಗ 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ 15 ವರ್ಷ ಎಂದು ಅವಳು ಹೇಳುತ್ತಿದ್ದಂತೆ ಮಗ ತಲೆಯೆತ್ತಿ, "ಅವರ ಮನೆಯಲ್ಲೂ ಪ್ರಾರ್ಥನೆ ಮಾಡಿರ್ತಾರಲ್ಲ? ನಾವೂ ಮಾಡಿದ್ವಲ್ಲ?" ಎಂದ. ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ನನ್ನ ಬಳಿ ಉತ್ತರವಿರಲಿಲ್ಲ. ಅದೇ ಪ್ರಶ್ನೆಯನ್ನು ವರ್ಷವಿಡೀ ನುಂಗಿಕೊಂಡಿದ್ದ ನಾನು ಅವನಿಗೆ ಏನೆಂದು ಹೇಳಲಿ? ಒಳಗಿನಿಂದ ಅಳು ಕೇಳಿಸುತ್ತಿತ್ತು, ಕರೆದರೆ ಓಗೊಡಲಿಲ್ಲ. ಹೆದರಿಕೆಯಾಗಿ ಮೈದುನರಿಗೆ ಫೋನ್ ಮಾಡಿದೆ.

ಅವರು ಬಂದಾಗ ಹನ್ನೊಂದು ಗಂಟೆಯಾಗಿತ್ತು. ಬಾಗಿಲು ತಟ್ಟಲಿಲ್ಲ, ಬುದ್ಧಿ ಹೇಳಲಿಲ್ಲ. "ಅತ್ತಿಗೆ, ನೀವು ಮಲಗಿ, ನಾನಿದ್ದೀನಿ" ಎಂದಷ್ಟೇ ಹೇಳಿ, ದೇವರ ಪೀಠದಲ್ಲಿದ್ದ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡನ್ನು ತಂದು ಮಗನ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕುಳಿತರು. ತಿಂಗಳಿಡೀ ಕರಗಿ ಹೆಪ್ಪುಗಟ್ಟಿದ್ದ ಮೇಣವನ್ನು ಚಮಚದಿಂದ ಕೆರೆಯತೊಡಗಿದರು. ಆ ಸದ್ದು ಮನೆಯಲ್ಲೆಲ್ಲ ಕೇಳುತ್ತಿತ್ತು, ಗಂಟೆಗಟ್ಟಲೆ. ಎರಡು ಗಂಟೆಯ ಹೊತ್ತಿಗೆ ಬಾಗಿಲು ತೆರೆಯಿತು. "ಚಿಕ್ಕಪ್ಪ, ಹಾಗೆ ಕೆರೆದ್ರೆ ಗೀರು ಬೀಳುತ್ತೆ. ಅಪ್ಪ ಬಿಸಿನೀರಲ್ಲಿ ಹಾಕ್ತಿದ್ರು" ಎಂದ ಮಗ ತಾನೇ ಅಡುಗೆಮನೆಗೆ ಬಂದು ನೀರು ಕಾಯಿಸಿದ. ಬೋಗುಣಿಯಲ್ಲಿ ಮೇಣ ಬಿಟ್ಟುಕೊಂಡು ಮೇಲೆ ತೇಲಿ, ನೀರು ಆರಿದಂತೆ ಬಿಳಿಯ ಕೆನೆಯ ಹಾಗೆ ಗಟ್ಟಿಯಾಯಿತು. ಮಗ ಅದನ್ನು ಒಂದೇ ಬಿಲ್ಲೆಯಾಗಿ ಎತ್ತಿ ಚಿಕ್ಕಪ್ಪನ ಅಂಗೈಯಲ್ಲಿಟ್ಟ. ಆಗ ಮೈದುನರು ಅತ್ತರು.

ತಮ್ಮನಾಗಿ ಅಣ್ಣನನ್ನು ಕಳೆದುಕೊಂಡವರು ಅವರೂ ಹೌದೆಂಬುದು ಒಂದು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ನಮ್ಮ ದುಃಖದ ಭಾರವನ್ನೆಲ್ಲ ಅವರ ಮೇಲೆ ಹೊರಿಸಿದ್ದೆ, ಅವರ ದುಃಖವನ್ನು ವಿಚಾರಿಸಿರಲಿಲ್ಲ. ಬೆಳಗಿನವರೆಗೆ ಅವರಿಬ್ಬರೂ ಏನು ಮಾತನಾಡಿದರೆಂದು ನನಗೆ ತಿಳಿಯದು, ಕೇಳುವುದೂ ಇಲ್ಲ. ಬೆಳಿಗ್ಗೆ ನಾಲ್ವರೂ ಹಬ್ಬದ ಪೂಜೆಗೆ ಹೋದೆವು.

ಮರುದಿನ, ನವೆಂಬರ್ 2, ಮೃತ ವಿಶ್ವಾಸಿಗಳ ಸ್ಮರಣೆ ಈ ವರ್ಷ ಭಾನುವಾರವೇ ಬಂತು. ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ ತನ್ನ ಮಠಗಳಲ್ಲಿ ಈ ದಿನವನ್ನು ಗೊತ್ತುಮಾಡಿದ ಕಥೆಯನ್ನು ಪ್ರತಿವರ್ಷ ಸಮಾಧಿಯ ಬಳಿ ನನ್ನ ಪತಿ ಹೇಳುತ್ತಿದ್ದರು. ಈ ಸಲ ಮಗಳು ಹೇಳಿದಳು. ನಮ್ಮ ಕುಟುಂಬದ ಮೃತರ ಹೆಸರುಗಳಿರುವ ಪುಸ್ತಕವನ್ನು ಮಗ ಓದುತ್ತಾ ಹೋಗಿ ಕೊನೆಯ ಹೆಸರಿಗೆ ಬಂದಾಗ ನಿಂತುಬಿಟ್ಟ. ಮೈದುನರು ಅವನ ಹೆಗಲ ಮೇಲೆ ಕೈಯಿಟ್ಟು ಕಾದರು. ಅವನೇ ಓದಿದ.

ಮೊನ್ನೆ 23ರಂದು ಕ್ರಿಸ್ತರಾಜರ ಹಬ್ಬ. ಹನ್ನೊಂದನೇ ಪಯಸ್ ಜಗದ್ಗುರುಗಳು (ಪೋಪ್) 1925ರಲ್ಲಿ ಸ್ಥಾಪಿಸಿದ ಈ ಹಬ್ಬಕ್ಕೆ ಈಗ 100 ವರ್ಷ. ಆರಾಧನಾ ವರ್ಷದ (ಚರ್ಚಿನ ಹಬ್ಬಗಳ ವರ್ಷದ) ಈ ಕೊನೆಯ ಭಾನುವಾರ, ಕಳೆದ ವರ್ಷದಲ್ಲಿ ಯಾವುದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತೇವೆಂದು ಒಬ್ಬೊಬ್ಬರು ಹೇಳುವುದು ನಮ್ಮಲ್ಲಿ ನಡೆದುಬಂದಿದೆ. ಮಗ ಏನೂ ಹೇಳದಿದ್ದರೂ ಸರಿ ಎಂದುಕೊಂಡಿದ್ದೆ. "ಚಿಕ್ಕಪ್ಪ ಬಾಗಿಲು ತಟ್ಟದೆ ಹೊರಗೆ ಕೂತಿದ್ದಕ್ಕೆ" ಎಂದ.

ಮೈದುನರೇ, ಆ ಸಂಜೆ ನೀವು ನಮ್ಮೊಂದಿಗೆ ಇರಲಿಲ್ಲ. ಅವನು ಹೇಳಿದ್ದು ನಿಮಗೆ ತಲುಪಲೆಂದು ಇಲ್ಲಿ ಬರೆದಿದ್ದೇನೆ.